ಒಂದೇ ಹಾದಿ, ಮೂರು ಕಾಲ: ಪಾರ್ಕಿನಲ್ಲಿ ನಿಸರ್ಗ ನಡಿಗೆ ನಡೆಸುವವರಿಗೆ ಸಮಗ್ರ ಮಾರ್ಗದರ್ಶಿ

ಬೆಂಗಳೂರಿನ ಲಾಲ್‌ಬಾಗ್‌ನಲ್ಲಿ ಬೆಳಗಿನ ವಾಕಿಂಗ್‌ಗೆ ಬರುವ ನೂರಾರು ಜನ ದಿನವೂ ಅವೇ ಮರಗಳ ಕೆಳಗೆ ನಡೆದುಹೋಗುತ್ತಾರೆ. ಚಳಿಗಾಲ ಮುಗಿಯುತ್ತಿದ್ದಂತೆ ಹೊಂಗೆಯ ಎಲೆಗಳು ಒಣಗಿ ಉದುರಿ, ನೋಡನೋಡುತ್ತಿದ್ದಂತೆ ಇಡೀ ಮರ ಎಳೆಹಸಿರಿನಿಂದ ಮಿಂಚುವುದನ್ನು ಅವರೆಲ್ಲ ಪ್ರತಿವರ್ಷ ಕಂಡಿರುತ್ತಾರೆ, ಆದರೆ ಅದು ಯಾವ ವಾರದಲ್ಲಿ ಆಯಿತು ಎಂದು ಕೇಳಿದರೆ ಹೇಳಬಲ್ಲವರು ವಿರಳ. ಕಂಡದ್ದನ್ನು ನಿಂತು ಗಮನಿಸುವಂತೆ ಮಾಡುವುದೇ ನಿಸರ್ಗ ನಡಿಗೆಯ ಕೆಲಸ. ಈ ಕೆಲಸಕ್ಕೆ ಸಸ್ಯಶಾಸ್ತ್ರದ ಪದವಿ ಬೇಕಿಲ್ಲ, ಕಾಡಿಗೂ ಹೋಗಬೇಕಿಲ್ಲ. ಮನೆಯ ಹತ್ತಿರದ ಒಂದು ಪಾರ್ಕು, ಒಂದು ನೋಟ್‌ಬುಕ್, ವರ್ಷವಿಡೀ ಅದೇ ಹಾದಿಗೆ ಮರಳಿ ಬರುವ ತಾಳ್ಮೆ ಇದ್ದರೆ ಸಾಕು.

ಹಲವು ವರ್ಷ ಇಂಥ ನಡಿಗೆಗಳನ್ನು ನಡೆಸಿದ ಮೇಲೆ ನನ್ನಲ್ಲಿ ಬಲವಾಗಿ ಬೇರೂರಿದ ಒಂದು ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಪ್ರತಿ ತಿಂಗಳೂ ಹೊಸ ಜಾಗಕ್ಕೆ ಜನರನ್ನು ಕರೆದೊಯ್ಯುವುದಕ್ಕಿಂತ, ಒಂದೇ ಪಾರ್ಕಿನ ಒಂದೇ ಹಾದಿಯನ್ನು ಬೇಸಿಗೆ, ಮಳೆಗಾಲ, ಚಳಿಗಾಲ ಮೂರರಲ್ಲೂ ನಡೆಸುವುದು ಮೇಲು. ಹೊಸ ಜಾಗದಲ್ಲಿ ಜನ ಹೆಸರುಗಳನ್ನು ಕೇಳಿಸಿಕೊಂಡು ಹೋಗುತ್ತಾರೆ, ಪರಿಚಿತ ಜಾಗದಲ್ಲಿ ಅವರಿಗೆ ಬದಲಾವಣೆ ಕಾಣತೊಡಗುತ್ತದೆ. ಮುಂದೆ ಹೇಳುವ ಹಂತಗಳೆಲ್ಲ ಈ ನಂಬಿಕೆಯ ಮೇಲೆಯೇ ನಿಂತಿವೆ. ಉದಾಹರಣೆಗಳನ್ನು ಹೆಚ್ಚಾಗಿ ಬೆಂಗಳೂರಿನಿಂದ ತೆಗೆದುಕೊಂಡಿದ್ದೇನೆ. ಮೈಸೂರು, ಧಾರವಾಡ, ಮಂಗಳೂರಿನವರು ತಿಂಗಳುಗಳನ್ನು ತಮ್ಮ ಊರಿನ ಮಳೆ ಬಿಸಿಲಿಗೆ ತಕ್ಕಂತೆ ಹಿಂದೆ ಮುಂದೆ ಮಾಡಿಕೊಳ್ಳಬೇಕು.

ಮೊದಲ ಹಂತ: ಹಾದಿಯನ್ನು ಆರಿಸುವುದು

ಎರಡು ಗಂಟೆಯ ನಡಿಗೆಗೆ ಒಂದು ಕಿಲೋಮೀಟರ್ ಹಾದಿ ಧಾರಾಳವಾಯಿತು. ಹೊಸದಾಗಿ ನಡೆಸುವವರೆಲ್ಲ ಮಾಡುವ ತಪ್ಪೆಂದರೆ ಹೆಚ್ಚು ದೂರ ಹಾಕಿಕೊಳ್ಳುವುದು. ಲಾಲ್‌ಬಾಗ್‌ನ 240 ಎಕರೆಯನ್ನು ಒಂದೇ ಬೆಳಗ್ಗೆ ಸುತ್ತಿಸಲು ಹೊರಟರೆ ಜನರಿಗೆ ಕಾಲು ನೋವು ಬರುತ್ತದೆಯೇ ಹೊರತು ಒಂದು ಮರವೂ ನೆನಪಿನಲ್ಲಿ ಉಳಿಯುವುದಿಲ್ಲ. ಅಲ್ಲಿ ನಡೆಸುವುದಾದರೆ ಕೆಂಪೇಗೌಡರ ಗೋಪುರವಿರುವ ಬಂಡೆಯಿಂದ ಕೆರೆಯ ಕಡೆಗೆ ಸಾಗುವ ಹಾದಿಯನ್ನಷ್ಟೇ ಇಟ್ಟುಕೊಳ್ಳಿ. ಸುಮಾರು 300 ಕೋಟಿ ವರ್ಷ ಹಳೆಯದಾದ ಆ ನೈಸ್ ಶಿಲೆಯ ಮೇಲೆ ಕಲ್ಲುಹೂವು ಬೆಳೆದಿರುವುದನ್ನು ಭೂತಗನ್ನಡಿಯಲ್ಲಿ ತೋರಿಸಿ, ಅಲ್ಲಿಂದ ಹಳೆಯ ಮರಗಳ ನೆರಳಿಗೆ ಇಳಿದು, ನೀರಿನ ಅಂಚಿನಲ್ಲಿ ನೀರುಕಾಗೆಗಳು ರೆಕ್ಕೆ ಒಣಗಿಸಿಕೊಳ್ಳುವುದನ್ನು ನೋಡಿ ಮುಗಿಸಿದರೆ ಕಲ್ಲು, ಮರ, ನೀರು ಮೂರೂ ಒಂದೇ ಬೆಳಗಿಗೆ ಸಿಕ್ಕಂತಾಗುತ್ತದೆ.

ನಿಮ್ಮ ಬಡಾವಣೆಯ ಪಾರ್ಕು ಎರಡೇ ಎಕರೆ ಇದ್ದರೂ ಚಿಂತೆಯಿಲ್ಲ. ನಾಲ್ಕು ಸಂಗತಿಗಳಿವೆಯೇ ನೋಡಿಕೊಳ್ಳಿ: ಹೂ ಬಿಡುವ ಒಂದೆರಡು ದೊಡ್ಡ ಮರ, ಆಲದ ಬಳಗಕ್ಕೆ ಸೇರಿದ ಅತ್ತಿ, ಅರಳಿ, ಬಸರಿ, ಗೋಣಿಗಳಲ್ಲಿ ಯಾವುದಾದರೂ ಒಂದು, ಚಿಕ್ಕದಾದರೂ ಸರಿ ಒಂದಿಷ್ಟು ನೀರು, ಮತ್ತು ಮಾಲಿಗಳು ಗುಡಿಸದೆ ಬಿಟ್ಟ ತರಗೆಲೆಯ ಒಂದು ಮೂಲೆ. ಕೊನೆಯದು ಎಲ್ಲಕ್ಕಿಂತ ಅಪರೂಪ. ಚೊಕ್ಕಟವಾಗಿ ಗುಡಿಸಿ, ಹುಲ್ಲುಹಾಸು ಹೊದಿಸಿದ ಪಾರ್ಕಿನಲ್ಲಿ ಎರೆಹುಳು, ಜೇಡ, ಮರಿಚಿಟ್ಟೆಗಳಿಗೆ ಜಾಗವಿರುವುದಿಲ್ಲ. ಮೈಸೂರಿನವರಿಗೆ ಕುಕ್ಕರಹಳ್ಳಿ ಕೆರೆಯ ಏರಿ ಈ ನಾಲ್ಕನ್ನೂ ಕೊಡುತ್ತದೆ. ಹಾದಿಯಲ್ಲಿ ಒಂದು ಶೌಚಾಲಯ, ಕೂರಲು ಕಲ್ಲುಬೆಂಚು, ಮೆಟ್ಟಿಲಿಲ್ಲದ ಒಂದು ದಾರಿ ಇದ್ದರೆ ಹಿರಿಯರೂ ಗಾಲಿಕುರ್ಚಿಯಲ್ಲಿ ಬರುವವರೂ ನಿಮ್ಮ ಜೊತೆ ನಡೆಯಬಲ್ಲರು.

ಎರಡನೇ ಹಂತ: ಮೂರು ಮುನ್ನಡಿಗೆ

ನಡಿಗೆಗೆ ಎರಡು ವಾರ ಮುಂಚೆ ಒಬ್ಬರೇ ಹೋಗಿ, ಅದೇ ಹೊತ್ತಿನಲ್ಲಿ, ಅದೇ ಹಾದಿಯಲ್ಲಿ. ಎಲ್ಲಿ ನಿಲ್ಲಬಹುದು, ಎಲ್ಲಿ ಹದಿನೈದು ಜನ ನಿಂತರೂ ವಾಕಿಂಗ್‌ನವರಿಗೆ ಅಡ್ಡಿಯಾಗುವುದಿಲ್ಲ, ಬಿಸಿಲು ಯಾವ ಕಡೆಯಿಂದ ಬೀಳುತ್ತದೆ ಎಂದು ಗುರುತು ಹಾಕಿಕೊಳ್ಳಿ. ಬಿಸಿಲಿನ ವಿಷಯವನ್ನು ಹಗುರವಾಗಿ ಕಾಣಬೇಡಿ. ಬೆಳಗಿನ ಸೂರ್ಯನಿಗೆ ಎದುರಾಗಿ ನಿಂತರೆ ಎಂಥ ಬಣ್ಣದ ಹಕ್ಕಿಯೂ ಕಪ್ಪು ನೆರಳಾಗಿ ಕಾಣುತ್ತದೆ. ಗುಂಪಿನ ಬೆನ್ನು ಪೂರ್ವಕ್ಕಿರುವಂತೆ ನಿಲ್ಲಿಸಿದರೆ ಅದೇ ಸೂರಕ್ಕಿಯ ಕತ್ತು ನೇರಳೆಯಾಗಿ ಹೊಳೆಯುತ್ತದೆ. ವಾರ ಮುಂಚೆ ಸಹಾಯಕರೊಬ್ಬರನ್ನು ಕರೆದುಕೊಂಡು ಹೋಗಿ ಗಡಿಯಾರ ನೋಡಿಕೊಂಡು ಇಡೀ ನಡಿಗೆಯನ್ನು ಒಮ್ಮೆ ಮಾಡಿ. ಹಿಂದಿನ ದಿನ ಮೂರನೆಯ ಸಲ ಹೋಗಿ, ಈ ವಾರದಲ್ಲಿ ಏನು ಬದಲಾಗಿದೆ ಎಂದು ನೋಡಿ ಬನ್ನಿ.

ಈ ಮೂರನೆಯದನ್ನು ಬಿಟ್ಟದ್ದರಿಂದ ನನ್ನ ಆರಂಭದ ನಡಿಗೆಯೊಂದು ಕೆಟ್ಟಿತು. ಜನವರಿಯ ಕೊನೆಯಲ್ಲಿ ಒಂದು ಬೂರುಗದ ಮರ ಎಲೆಯೇ ಇಲ್ಲದೆ ಕೆಂಪು ಹೂಗಳಿಂದ ತುಂಬಿತ್ತು, ಕಬ್ಬಕ್ಕಿಗಳು ಮುತ್ತಿದ್ದವು. ಅದನ್ನು ನೋಡಿದ ಸಂಭ್ರಮದಲ್ಲಿ ‘ಬೂರುಗದ ಹೂವಿನ ನಡಿಗೆ’ ಎಂದೇ ಪ್ರಕಟಣೆ ಕೊಟ್ಟೆ. ಹತ್ತು ದಿನ ಬಿಟ್ಟು ಜನರ ಜೊತೆ ಹೋದಾಗ ಕೊಂಬೆಯಲ್ಲಿ ನಾಲ್ಕಾರು ಹೂ ಉಳಿದಿದ್ದವು. ಬಂದವರ ಮುಖ ನೋಡಿ ನನಗೆ ಬಹಳ ನೋವಾಯಿತು. ಅಂದಿನಿಂದ ಎರಡು ನಿಯಮ ಇಟ್ಟುಕೊಂಡಿದ್ದೇನೆ. ಪ್ರಕಟಣೆಯಲ್ಲಿ ಮರದ ಮಾತು ಹೇಳಬಹುದು, ಹೂವಿನ ಮಾತು ಕೊಡಬಾರದು. ಹೂ ಮುಗಿದಿದ್ದರೆ ಉದುರಿದ್ದನ್ನು ಎತ್ತಿಕೊಂಡು ಅದರ ಕಥೆ ಹೇಳಬೇಕು: ಬೂರುಗದ ಹೂವಿನ ದಪ್ಪ ದಳ, ಬಟ್ಟಲಿನಂಥ ಬುಡ, ಅದರಲ್ಲಿ ಹಕ್ಕಿಗಳಿಗೆ ಸಿಗುವ ಮಕರಂದ, ಈಗ ಕೊಂಬೆಯಲ್ಲಿ ಹಸಿರಾಗಿ ಕಾಣುತ್ತಿರುವ ಕಾಯಿ, ಮುಂದೆ ಬೇಸಿಗೆಯಲ್ಲಿ ಅದು ಒಡೆದು ಹಾರಲಿರುವ ಹತ್ತಿ.

ಮೂರನೇ ಹಂತ: ಪಾರ್ಕಿನ ಪಂಚಾಂಗ

ಮುನ್ನಡಿಗೆಯ ಟಿಪ್ಪಣಿಗಳೇ ಒಂದು ವರ್ಷದಲ್ಲಿ ನಿಮ್ಮ ಪಾರ್ಕಿನ ಪಂಚಾಂಗವಾಗುತ್ತವೆ. ನಮ್ಮ ಹಿರಿಯರು ವರ್ಷವನ್ನು ಅಶ್ವಿನಿ, ಭರಣಿ, ಕೃತ್ತಿಕೆ, ರೋಹಿಣಿ ಎಂದು ಮಳೆ ನಕ್ಷತ್ರಗಳಲ್ಲಿ ಎಣಿಸುತ್ತಿದ್ದರು. ಸುಮಾರು ಎರಡು ವಾರಕ್ಕೊಂದರಂತೆ ಬರುವ ಈ ಲೆಕ್ಕ ನಿಸರ್ಗ ನಡಿಗೆಗೆ ಇಂಗ್ಲಿಷ್ ತಿಂಗಳಿಗಿಂತ ಚೆನ್ನಾಗಿ ಒಗ್ಗುತ್ತದೆ. ಮರ, ಹುಳು, ಹಕ್ಕಿಗಳ ಬದುಕೂ ಹೆಚ್ಚುಕಡಿಮೆ ಅದೇ ಅಳತೆಯಲ್ಲಿ ಹೊರಳುತ್ತದೆ. ಪುಟಕ್ಕೊಂದು ಮಳೆಯ ಹೆಸರು ಬರೆದು, ಎಡಕ್ಕೆ ಮರ, ಬಲಕ್ಕೆ ಪ್ರಾಣಿಪಕ್ಷಿ ಎಂದು ಬರೆಯುತ್ತಾ ಹೋಗಿ.

ಬೆಂಗಳೂರಿನವರಿಗೆ ಈ ವಿಷಯದಲ್ಲಿ ಒಂದು ಅನುಕೂಲವಿದೆ. 1908ರಲ್ಲಿ ಮೈಸೂರು ಸಂಸ್ಥಾನದ ಸೇವೆಗೆ ಬಂದ ಜರ್ಮನ್ ತೋಟಗಾರಿಕಾ ತಜ್ಞ ಜಿ.ಎಚ್. ಕ್ರುಂಬಿಗಲ್ ಅವರು ವರ್ಷದ ಯಾವ ಕಾಲದಲ್ಲೂ ಊರಿನ ಒಂದಲ್ಲ ಒಂದು ಸಾಲುಮರ ಹೂ ಬಿಟ್ಟಿರಬೇಕು ಎಂಬ ಯೋಚನೆಯಿಂದ ಮರಗಳನ್ನು ಆರಿಸಿದರು. ಹಾಗಾಗಿ ಇಲ್ಲಿ ಹೂವಿಲ್ಲದ ತಿಂಗಳು ಎಂಬುದಿಲ್ಲ. ಆದರೆ ಹೂವನ್ನೇ ನೆಚ್ಚಿಕೊಂಡರೆ ನಡಿಗೆ ಬಣ್ಣದ ಮೆರವಣಿಗೆಯಾಗಿಬಿಡುತ್ತದೆ. ಆದ್ದರಿಂದ ಪ್ರತಿ ಕಾಲಕ್ಕೂ ಒಂದು ಮುಖ್ಯ ವಿಷಯ ಇಟ್ಟುಕೊಳ್ಳುವುದು ಒಳ್ಳೆಯದು.

ಬೇಸಿಗೆಯ ವಿಷಯ ಚಿಗುರು ಮತ್ತು ಗೂಡು. ಫೆಬ್ರವರಿ, ಮಾರ್ಚ್‌ನಲ್ಲಿ ಹಳದಿ ಟಬೂಬಿಯಾ, ಅದರ ಬೆನ್ನಿಗೇ ನೀಲಿ ನೇರಳೆಯ ಜಕರಂಡಾ, ಏಪ್ರಿಲ್ ಹೊತ್ತಿಗೆ ಗುಲ್‌ಮೊಹರ್, ಕಾಪರ್‌ಪಾಡ್, ಹೊಳೆದಾಸವಾಳ, ಕಕ್ಕೆ ಸರದಿಯಲ್ಲಿ ಬರುತ್ತವೆ. ಇಲ್ಲಿ ಒಂದು ಮಾತನ್ನು ಜನರಿಗೆ ಹೇಳಲೇಬೇಕು. ನಾವು ಬೆಂಗಳೂರಿನ ಗುರುತೆಂದು ಭಾವಿಸಿರುವ ಇವುಗಳಲ್ಲಿ ಟಬೂಬಿಯಾ, ಜಕರಂಡಾಗಳು ಅಮೆರಿಕ ಖಂಡಗಳಿಂದ, ಗುಲ್‌ಮೊಹರ್ ಮಡಗಾಸ್ಕರ್‌ನಿಂದ ಬಂದವು. ಶಿವಾಲಯಗಳ ಅಂಗಳದಲ್ಲಿ ಪೂಜೆಗೊಳ್ಳುವ ನಾಗಲಿಂಗ ಪುಷ್ಪದ ತವರು ಕೂಡ ದಕ್ಷಿಣ ಅಮೆರಿಕವೇ. ಕಕ್ಕೆ, ಹೊಂಗೆ, ಹೊಳೆದಾಸವಾಳ, ಮುತ್ತುಗ ನಮ್ಮ ನೆಲದವು. ಎರಡನ್ನೂ ಪಕ್ಕಪಕ್ಕದಲ್ಲಿಟ್ಟು, ಯಾವುದರ ಮೇಲೆ ಎಷ್ಟು ಬಗೆಯ ಹುಳು, ಜೇನು, ಹಕ್ಕಿ ಬರುತ್ತವೆ ಎಂದು ಹತ್ತು ನಿಮಿಷ ಎಣಿಸುವಂತೆ ಹೇಳಿ. ಎಣಿಕೆ ಯಾವ ಕಡೆ ವಾಲಿದರೂ ನೀವು ತೀರ್ಪು ಕೊಡಬೇಡಿ, ಎಣಿಸಿದವರೇ ಮಾತಾಡಲಿ.

ಗೂಡುಗಳ ಕಾಲವೂ ಇದೇ. ಕಾಗೆ ಕಡ್ಡಿ ಹೊತ್ತು ಹಾರುವುದನ್ನೂ, ಗಂಡು ಕೋಗಿಲೆ ಕೂಗುತ್ತಾ ಕಾಗೆಗಳನ್ನು ಕೆಣಕುವುದನ್ನೂ ಒಂದೇ ಮರದಲ್ಲಿ ತೋರಿಸಬಹುದು. ಕಪ್ಪಗಿರುವುದು ಗಂಡು, ಕಂದು ಮೈಮೇಲೆ ಬಿಳಿ ಚುಕ್ಕಿಗಳಿರುವುದು ಹೆಣ್ಣು, ಕಾಗೆಯ ಗೂಡಿನಲ್ಲಿ ಮೊಟ್ಟೆ ಇಡುವುದು ಈ ಹೆಣ್ಣೇ ಎಂದು ಹೇಳಿದಾಗ, ವರ್ಷಗಟ್ಟಲೆ ಕೋಗಿಲೆಯ ದನಿ ಕೇಳಿದವರೂ ಹೆಣ್ಣು ಕೋಗಿಲೆಯನ್ನು ಇದೇ ಮೊದಲ ಸಲ ನೋಡುತ್ತಿದ್ದೇವೆ ಎನ್ನುತ್ತಾರೆ. ಬೆಳಗ್ಗೆ ಆರೂಮುಕ್ಕಾಲಿಗೆ ಆರಂಭಿಸಿ ಎಂಟೂಮುಕ್ಕಾಲಿಗೆ ಮುಗಿಸಿ, ಆಮೇಲೆ ಬಿಸಿಲು ಕಠಿಣ.

ಮಳೆಗಾಲದ ವಿಷಯ ನೆಲ. ಈ ಕಾಲದಲ್ಲಿ ಜನ ಕಡಿಮೆ ಬರುತ್ತಾರೆ, ಆದರೆ ನನಗೆ ಅತ್ಯಂತ ಪ್ರಿಯವಾದ ನಡಿಗೆ ಇದೇ. ಮೊದಲ ದೊಡ್ಡ ಮಳೆಯ ಮಾರನೆಯ ದಿನ ಹೋದರೆ ಬೀದಿದೀಪದ ಕೆಳಗೆ ಈಸಲು ಹುಳುಗಳ ಉದುರಿದ ರೆಕ್ಕೆಗಳು ರಾಶಿ ಬಿದ್ದಿರುತ್ತವೆ. ಗೆದ್ದಲಿನ ರಾಜ ರಾಣಿಯರಾಗಲು ಹೊರಟವು ಅವು. ಗೊರವಂಕ, ಕಾಗೆ, ಹದ್ದುಗಳಿಗೆ ಆ ದಿನ ಹಬ್ಬ. ಒಣಗಿ ಕರಕಲಾದಂತಿದ್ದ ಮರದ ತೊಗಟೆಯ ಪಾಚಿ ಒಂದೇ ರಾತ್ರಿಯಲ್ಲಿ ಹಸಿರಾಗಿರುತ್ತದೆ; ಒಂದು ಬಾಟಲಿ ನೀರಿದ್ದರೆ ಈ ಪವಾಡವನ್ನು ಒಣದಿನದಲ್ಲೂ ತೋರಿಸಬಹುದು. ಒಣ ಪಾಚಿಯ ಮೇಲೆ ನಾಲ್ಕು ಹನಿ ಹಾಕಿ ಭೂತಗನ್ನಡಿ ಹಿಡಿದರೆ ಮುದುಡಿದ ಎಲೆಗಳು ಕಣ್ಣೆದುರೇ ಬಿಚ್ಚಿಕೊಳ್ಳುತ್ತವೆ. ಕೊಳೆತ ದಿಮ್ಮಿಯ ಮೇಲಿನ ಅಣಬೆ, ಎರೆಹುಳುವಿನ ಮಣ್ಣಿನ ಗುಳಿಗೆ, ಕಪ್ಪೆಗಳ ವಟಗುಟ್ಟುವಿಕೆ ಎಲ್ಲವೂ ಈ ಕಾಲದವು. ಬೆಂಗಳೂರಿನಲ್ಲಿ ಮಳೆ ಜೂನ್‌ನಲ್ಲಿ ಬಂದರೂ ಹೆಚ್ಚು ಸುರಿಯುವುದು ಸೆಪ್ಟೆಂಬರ್ ಹೊತ್ತಿಗೆ. ಆದ್ದರಿಂದ ಈ ನಡಿಗೆಯನ್ನು ಒಮ್ಮೆ ಆರ್ದ್ರಾ ಮಳೆಯಲ್ಲಿ, ಇನ್ನೊಮ್ಮೆ ಉತ್ತರೆಯಲ್ಲಿ ನಡೆಸಿದರೆ ಎರಡೂ ಬೇರೆಬೇರೆಯಾಗಿರುತ್ತವೆ. ಅಂಗೈ ಅಗಲದ ಆಫ್ರಿಕದ ದೈತ್ಯ ಬಸವನಹುಳುಗಳು ಹೊರಬರುವುದೂ ಆಗಲೇ. ಅವು ಮೆದುಳಿಗೆ ತೊಂದರೆ ಕೊಡಬಲ್ಲ ಪರೋಪಜೀವಿಯನ್ನು ಹೊತ್ತಿರಬಹುದಾದ್ದರಿಂದ ಮಕ್ಕಳು ಬರಿಗೈಯಲ್ಲಿ ಮುಟ್ಟದಂತೆ ಮೊದಲೇ ಹೇಳಿ.

ಚಳಿಗಾಲದ ವಿಷಯ ಅತಿಥಿಗಳು. ಸೆಪ್ಟೆಂಬರ್ ಕೊನೆಯಿಂದ ಅಕ್ಟೋಬರ್ ಒಳಗೆ ಉತ್ತರದಿಂದ ವಲಸೆ ಹಕ್ಕಿಗಳು ಇಳಿಯುತ್ತವೆ. ಎಲ್ಲರೂ ನವರಂಗವನ್ನು ಹುಡುಕುತ್ತಾರೆ. ಬೆಂಗಳೂರಿನ ಪಾರ್ಕುಗಳಲ್ಲಿ ಅದು ದಾರಿಹೋಕನಂತೆ ಕೆಲವು ದಿನ ತಂಗಿ ಮುಂದೆ ಹೋಗುವುದುಂಟು, ಸಿಕ್ಕರೆ ಭಾಗ್ಯ. ಆದರೆ ನಾನು ತೋರಿಸಲು ಇಷ್ಟಪಡುವುದು ಗುಬ್ಬಿಗಿಂತ ಚಿಕ್ಕದಾದ, ಮಾಸಲು ಹಸಿರಿನ ಉಲಿಯಕ್ಕಿಯನ್ನು. ಎಲೆಗಳ ನಡುವೆ ಒಂದು ಕ್ಷಣ ಸುಮ್ಮನಿರದ ಈ ಹಕ್ಕಿ ಹಿಮಾಲಯ ಮತ್ತು ಮಧ್ಯ ಏಷ್ಯಾದ ಕಡೆಯಿಂದ ಬಂದು, ನಮ್ಮ ರಸ್ತೆಬದಿಯ ಮರದಲ್ಲಿ ಹುಳು ಹೆಕ್ಕುತ್ತಾ ಏಪ್ರಿಲ್‌ವರೆಗೂ ಇರುತ್ತದೆ. ಅದರ ಚೂಪಾದ ಎರಡುಸೊಲ್ಲಿನ ಕೂಗನ್ನು ಒಮ್ಮೆ ಗುರುತಿಸಿದವರಿಗೆ ಆಮೇಲೆ ಇಡೀ ಊರಿನಲ್ಲಿ ಅದೇ ಕೇಳಿಸತೊಡಗುತ್ತದೆ. ಇದೇ ಅಕ್ಟೋಬರ್ ನವೆಂಬರ್‌ನಲ್ಲಿ ಆಕಾಶಮಲ್ಲಿಗೆ ರಾತ್ರಿ ಅರಳಿ ಬೆಳಗಿನ ಜಾವ ಉದುರುತ್ತದೆ. ಹಾದಿಯ ಮೇಲೆ ಬಿದ್ದ ಆ ಹೂವಿನ ನೀಳ ಕೊಳವೆಯನ್ನು ಕೈಗೆ ಕೊಟ್ಟು, ಇದರ ತಳದ ಮಕರಂದಕ್ಕೆ ಎಷ್ಟು ಉದ್ದದ ನಾಲಿಗೆ ಬೇಕು ಎಂದು ಕೇಳಿ. ಇರುಳಿನಲ್ಲಿ ಹಾರುವ ಉದ್ದನಾಲಿಗೆಯ ಪತಂಗದವರೆಗೆ ಜನರೇ ಊಹಿಸಿಕೊಂಡು ಬರುತ್ತಾರೆ. ಜೂನ್‌ನಲ್ಲಿ ಆರಕ್ಕೆ ಮೊದಲೇ ಮೂಡುವ ಸೂರ್ಯ ಜನವರಿಯಲ್ಲಿ ಆರೂಮುಕ್ಕಾಲಿಗೆ ಮೂಡುವುದರಿಂದ, ಚಳಿಗಾಲದಲ್ಲಿ ಏಳೂಕಾಲಿಗೆ ಆರಂಭಿಸಿದರೆ ಸರಿ.

ನಾಲ್ಕನೇ ಹಂತ: ಅನುಮತಿ ಮತ್ತು ಪ್ರಕಟಣೆ

ಲಾಲ್‌ಬಾಗ್ ಮತ್ತು ಕಬ್ಬನ್ ಪಾರ್ಕ್ ತೋಟಗಾರಿಕೆ ಇಲಾಖೆಯ ಸುಪರ್ದಿಯಲ್ಲಿವೆ, ಬಡಾವಣೆಯ ಪಾರ್ಕುಗಳು ಸಾಮಾನ್ಯವಾಗಿ ಪಾಲಿಕೆಯ ಅಥವಾ ಪುರಸಭೆಯ ಕೈಯಲ್ಲಿರುತ್ತವೆ. ದಿನಾಂಕ, ಹೊತ್ತು, ಜನರ ಸಂಖ್ಯೆ, ಧ್ವನಿವರ್ಧಕ ಬಳಸುವುದಿಲ್ಲ ಮತ್ತು ಗಿಡ ಕೀಳುವುದಿಲ್ಲ ಎಂಬ ಮಾತು, ಇಷ್ಟನ್ನು ಒಂದು ಪುಟದ ಪತ್ರದಲ್ಲಿ ಬರೆದು ಮುಂಚಿತವಾಗಿ ಕೊಡಿ. ಶುಲ್ಕ ತೆಗೆದುಕೊಳ್ಳುವ ನಡಿಗೆಯಾದರೆ ಅದನ್ನೂ ಮುಚ್ಚಿಡದೆ ಬರೆಯಿರಿ. ಪತ್ರಕ್ಕಿಂತ ಹೆಚ್ಚು ಉಪಯೋಗಕ್ಕೆ ಬರುವುದು ಮಾಲಿಗಳ ಪರಿಚಯ. ಯಾವ ಪೊಟರೆಯಲ್ಲಿ ಹಾಲಕ್ಕಿ ಎಂಬ ಪುಟ್ಟ ಗೂಬೆ ಕೂತಿದೆ, ಯಾವ ಪೊದೆಯಲ್ಲಿ ಕೇರೆಹಾವು ಓಡಾಡುತ್ತದೆ, ಮುಂದಿನ ವಾರ ಯಾವ ಕೊಂಬೆ ಕಡಿಯುತ್ತಾರೆ ಎಂಬುದೆಲ್ಲ ಅವರಿಗೆ ತಿಳಿದಿರುತ್ತದೆ. ನಡಿಗೆಯ ದಿನ ಅವರಲ್ಲೊಬ್ಬರನ್ನು ಹೆಸರಿಟ್ಟು ಕರೆದು ಐದು ನಿಮಿಷ ಮಾತಾಡಿಸಿ. ಆ ಐದು ನಿಮಿಷಕ್ಕೆ ಜನ ಕಿವಿಯಾಗುತ್ತಾರೆ.

ಒಬ್ಬ ಮಾರ್ಗದರ್ಶಕರಿಗೆ ಹದಿನೈದು ಜನ, ಬಹಳವೆಂದರೆ ಇಪ್ಪತ್ತು. ಅದಕ್ಕಿಂತ ಹೆಚ್ಚಾದರೆ ಹಿಂದಿದ್ದವರಿಗೆ ನಿಮ್ಮ ಮಾತು ಕೇಳುವುದಿಲ್ಲ, ಅವರು ತಮ್ಮತಮ್ಮಲ್ಲೇ ಮಾತಿಗಿಳಿಯುತ್ತಾರೆ, ಹಕ್ಕಿ ಹಾರಿಹೋಗುತ್ತದೆ. ಸಹಾಯಕರು ಸಾಲಿನ ಕೊನೆಯಲ್ಲಿರಲಿ. ಪ್ರಕಟಣೆಯಲ್ಲಿ ಸೇರುವ ಜಾಗವನ್ನು ಇಂಥ ಬಾಗಿಲು, ಇಂಥ ಮರದ ಕೆಳಗೆ ಎಂದು ಸ್ಪಷ್ಟವಾಗಿ ಬರೆಯಿರಿ. ಮಾಸಲು ಬಣ್ಣದ ಬಟ್ಟೆ, ಪೂರ್ತಿ ತೋಳಿನ ಅಂಗಿ, ಜಾರದ ಚಪ್ಪಲಿ ಅಥವಾ ಬೂಟು, ಕುಡಿಯುವ ನೀರು ತರಲು ಹೇಳಿ. ಸೆಂಟ್ ಹಾಕಿಕೊಂಡು ಬರಬೇಡಿ ಎಂಬ ಸಾಲನ್ನು ಮರೆಯಬೇಡಿ, ಅದರ ಕಾರಣ ಮುಂದೆ ಬರುತ್ತದೆ. ದುರ್ಬೀನು ಇಲ್ಲದವರೂ ಬರಲಿ. ಇಡೀ ಗುಂಪಿಗೆ ಎರಡು ದುರ್ಬೀನು, ನಾಲ್ಕೈದು ಭೂತಗನ್ನಡಿ ಇದ್ದರೆ ಸಾಲುತ್ತದೆ. ಖರ್ಚು ಮಾಡುವುದಾದರೆ ಮೊದಲು ಭೂತಗನ್ನಡಿಗೆ ಮಾಡಿ, ಅದು ಅಗ್ಗ, ಮತ್ತು ಕೊಟ್ಟ ಕಾಸಿಗೆ ಅದರಷ್ಟು ಬೆರಗು ಕೊಡುವ ಸಾಧನ ಇನ್ನೊಂದಿಲ್ಲ.

ಐದನೇ ಹಂತ: ನಡಿಗೆಯ ಬೆಳಗು

ಮೊದಲ ಐದು ನಿಮಿಷ ಪರಿಚಯ ಮತ್ತು ಸೂಚನೆ. ಮುಂದಿನ ಮೂರು ನಿಮಿಷ ಮೌನ. ಎಲ್ಲರೂ ಕಣ್ಣು ಮುಚ್ಚಿ ನಿಂತು ಎಷ್ಟು ಬಗೆಯ ದನಿ ಕೇಳಿಸುತ್ತದೆ ಎಂದು ಬೆರಳು ಮಡಚಲಿ. ಆಟೋದ ಹಾರನ್ನು, ಪೊರಕೆಯ ಸದ್ದು, ಕುಟುರನ ಕುಟುರ್ ಕುಟುರ್, ಗಿಳಿಗಳ ಕಿರುಚಾಟ ಎಲ್ಲವೂ ಲೆಕ್ಕಕ್ಕೆ ಬರಲಿ. ಈ ಮೂರು ನಿಮಿಷ ಕಳೆದ ಮೇಲೆ ಗುಂಪಿನ ದನಿ ತಾನಾಗಿಯೇ ತಗ್ಗುತ್ತದೆ, ಮಾತಾಡಬೇಡಿ ಎಂದು ನೀವು ಹೇಳಬೇಕಾದ ಪ್ರಮೇಯ ಬರುವುದಿಲ್ಲ. ಕಣ್ಣು ಕಾಣದವರು ಗುಂಪಿನಲ್ಲಿದ್ದರೆ ಈ ಭಾಗದಲ್ಲಿ ಅವರೇ ಉಳಿದವರಿಗೆ ಹೇಳಿಕೊಡುತ್ತಾರೆ.

ಎರಡು ಗಂಟೆಯಲ್ಲಿ ಏಳೆಂಟು ನಿಲ್ದಾಣ ಸಾಕು. ಪ್ರತಿಯೊಂದರಲ್ಲಿ ಮೊದಲು ನೋಡಲು ಬಿಡಿ, ಆಮೇಲೆ ಕೇಳಿ, ಕೊನೆಗೆ ಹೇಳಿ. ಇದೇ ಅನುಕ್ರಮ ಏಕೆ ಎಂಬುದನ್ನು ಅತ್ತಿಮರದ ಉದಾಹರಣೆಯಿಂದ ವಿವರಿಸುತ್ತೇನೆ. ಇಂಥ ಮರ ಹತ್ತಿರದಲ್ಲಿದ್ದರೆ ಅದನ್ನೇ ನಡಿಗೆಯ ನಡುಮಧ್ಯದ ನಿಲ್ದಾಣವಾಗಿಸಿ, ಇಪ್ಪತ್ತು ನಿಮಿಷ ಎತ್ತಿಡಿ.

ಮರದ ಕೆಳಗೆ ನಿಂತ ಜನ ಮೊದಲು ಗಮನಿಸುವುದು ಕಾಯಿಗಳು ಕಾಂಡಕ್ಕೇ ಗೊಂಚಲಾಗಿ ಅಂಟಿಕೊಂಡಿರುವುದನ್ನು. ಹೂ ಎಲ್ಲಿದೆ ಎಂದು ಕೇಳಿ. ಯಾರಿಗೂ ಕಾಣುವುದಿಲ್ಲ, ಅತ್ತಿಯ ಹೂವನ್ನು ಕಂಡವರಿಲ್ಲ ಎಂಬ ಮಾತನ್ನು ಹಿರಿಯರೊಬ್ಬರು ಹೇಳಿಯೇ ಹೇಳುತ್ತಾರೆ. ಆಗ ನೆಲದಲ್ಲಿ ಬಿದ್ದ, ಹಣ್ಣಾಗುವ ಹೊಸ್ತಿಲಲ್ಲಿರುವ ಒಂದು ಕಾಯಿಯನ್ನು ಬಿಳಿ ಹಾಳೆಯ ಮೇಲಿಟ್ಟು ಚಾಕುವಿನಿಂದ ಎರಡು ಹೋಳು ಮಾಡಿ. ಒಳಗೋಡೆಯ ತುಂಬ ಒತ್ತಾಗಿ ನಿಂತಿರುವ ನೂರಾರು ಎಳೆಗಳೇ ಹೂಗಳು. ನಾವು ಕಾಯಿ ಎನ್ನುವುದು ಹೂಗಳನ್ನು ಒಳಗಿಟ್ಟುಕೊಂಡ ಬುಟ್ಟಿ. ಹೋಳು ಮಾಡಿದ ಕ್ಷಣದಲ್ಲೇ ಒಂದೆರಡು ಮಿಲಿಮೀಟರ್ ಉದ್ದದ ಕಪ್ಪು ಕಣಜಗಳು ಹಾಳೆಯ ಮೇಲೆ ಹರಿದಾಡತೊಡಗಿದರೆ ನಿಮ್ಮ ಅದೃಷ್ಟ. ಭೂತಗನ್ನಡಿಗಳನ್ನು ಹಂಚಿ, ಸುಮ್ಮನಿರಿ.

ಎಲ್ಲರೂ ನೋಡಿದ ಮೇಲೆ ಕಥೆ ಹೇಳಿ. ಕಾಯಿಯ ತುದಿಯ ಸೂಜಿಮೊನೆಯಷ್ಟು ಕಿಂಡಿಯಲ್ಲಿ ಹೆಣ್ಣು ಕಣಜ ನುಸುಳುತ್ತದೆ. ಆ ಇಕ್ಕಟ್ಟಿನಲ್ಲಿ ಅದರ ರೆಕ್ಕೆಗಳು ಹರಿದುಹೋಗುತ್ತವೆ, ಅದು ಮತ್ತೆ ಹೊರಬರುವುದಿಲ್ಲ. ತಾನು ಹುಟ್ಟಿದ ಕಾಯಿಯಿಂದ ತಂದ ಪರಾಗವನ್ನು ಹೂಗಳಿಗೆ ಮುಟ್ಟಿಸಿ, ಕೆಲವು ಹೂಗಳಲ್ಲಿ ಮೊಟ್ಟೆಯಿಟ್ಟು ಅಲ್ಲೇ ಸಾಯುತ್ತದೆ. ಮುಂದಿನ ಪೀಳಿಗೆಯಲ್ಲಿ ರೆಕ್ಕೆಯಿಲ್ಲದ ಗಂಡುಗಳು ಮೊದಲು ಹೊರಬಂದು, ಹೆಣ್ಣುಗಳನ್ನು ಕೂಡಿ, ಅವು ಹೊರಗೆ ಹೋಗಲು ಕಾಯಿಯ ಗೋಡೆಯಲ್ಲಿ ಸುರಂಗ ಕೊರೆಯುತ್ತವೆ. ಹೆಣ್ಣುಗಳು ಪರಾಗ ಹೊತ್ತು ಇನ್ನೊಂದು ಅತ್ತಿಮರವನ್ನು ಹುಡುಕಿ ಹಾರುತ್ತವೆ. ಆಲಕ್ಕೆ, ಅರಳಿಗೆ, ಅತ್ತಿಗೆ ಅವವಕ್ಕೆ ಒಗ್ಗಿದ ಬೇರೆಬೇರೆ ಕಣಜಗಳಿವೆ. ಅತ್ತಿಹಣ್ಣಿನಲ್ಲಿ ಹುಳು ಎಂದು ಮುಖ ಸಿಂಡರಿಸಿದವರೇ ಈ ಮಾತು ಕೇಳಿದ ಮೇಲೆ ಹಾಳೆಯ ಮೇಲಿನ ಕಣಜಗಳನ್ನು ಮೆಲ್ಲಗೆ ಮರದ ಬುಡಕ್ಕೆ ಊದಿ ಬಿಡುವುದನ್ನು ನಾನು ಎಷ್ಟೋ ಸಲ ನೋಡಿದ್ದೇನೆ. ಕಥೆಯನ್ನು ಮೊದಲೇ ಹೇಳಿ ಆಮೇಲೆ ಕಾಯಿ ಕೊಯ್ದಿದ್ದರೆ ಅದು ಪಾಠವಾಗುತ್ತಿತ್ತು. ನೋಡಿದ ಮೇಲೆ ಹೇಳಿದ್ದರಿಂದ ಅದು ಅವರ ಸ್ವಂತ ಪ್ರಶ್ನೆಗೆ ಸಿಕ್ಕ ಉತ್ತರವಾಯಿತು.

ಅತ್ತಿ ಇಲ್ಲದಿದ್ದರೆ ಹೊಂಗೆಯ ಎಲೆ ಹಿಡಿಯಿರಿ. ಅದರ ಮೇಲೆ ಬೆರಳಿನಂತೆ ಎದ್ದು ನಿಂತ ಹಸಿರು ಗಂಟುಗಳು ಕಣ್ಣಿಗೆ ಕಾಣದಷ್ಟು ಚಿಕ್ಕ ನುಸಿಯೊಂದು ಎಲೆಯಿಂದಲೇ ಕಟ್ಟಿಸಿಕೊಂಡ ಮನೆಗಳು. ಮಕ್ಕಳ ಗುಂಪಾದರೆ ನಿಲ್ದಾಣಗಳನ್ನು ಐದಕ್ಕೆ ಇಳಿಸಿ, ಕೈಗೆ ಕೆಲಸ ಕೊಡಿ: ಉದುರಿದ ಎಲೆಗಳನ್ನು ಹಸಿರಿನಿಂದ ಕಂದಿನವರೆಗೆ ಬಣ್ಣದ ಸಾಲಾಗಿ ಜೋಡಿಸಲಿ, ತೊಗಟೆಯ ಮೇಲೆ ಹಾಳೆಯಿಟ್ಟು ಪೆನ್ಸಿಲ್ ಉಜ್ಜಿ ಅಚ್ಚು ತೆಗೆಯಲಿ, ನೀರುಕಾಯಿ ಮರದ ಉದುರಿದ ಮೊಗ್ಗನ್ನು ಹಿಚುಕಿ ನೀರು ಚಿಮ್ಮಿಸಲಿ.

ಹೆಸರುಗಳ ಬಗ್ಗೆ

ಕನ್ನಡದ ಹೆಸರನ್ನು ಮೊದಲು ಹೇಳಿ, ಬೇಕೆನಿಸಿದರೆ ಇಂಗ್ಲಿಷ್ ಹೆಸರನ್ನು ಆಮೇಲೆ ಸೇರಿಸಿ. ಕಲ್ಲುಹೂವು, ಮಿಂಚುಳ್ಳಿ, ಹೆಜ್ಜಾರ್ಲೆ, ಕೆಮ್ಮೀಸೆ ಪಿಕಳಾರ ಇಂಥ ಹೆಸರುಗಳಲ್ಲೇ ಅರ್ಧ ವಿವರಣೆ ಅಡಗಿದೆ. ಊರಿನಿಂದ ಊರಿಗೆ ಹೆಸರು ಬೇರೆಯಾಗುವುದರಿಂದ ನಿಮ್ಮ ಕಡೆ ಇದಕ್ಕೆ ಏನೆನ್ನುತ್ತೀರಿ ಎಂದು ಕೇಳುವುದನ್ನು ಅಭ್ಯಾಸ ಮಾಡಿಕೊಳ್ಳಿ. ಗೊತ್ತಿಲ್ಲದ ಜೀವಿ ಎದುರಾದರೆ ಗೊತ್ತಿಲ್ಲ ಎಂದು ನೇರವಾಗಿ ಹೇಳಿ, ಫೋಟೊ ತೆಗೆದು, ಗುಂಪಿನ ಒಬ್ಬರಿಗೆ ಅದನ್ನು ಹುಡುಕುವ ಹೊಣೆ ಒಪ್ಪಿಸಿ. ಊಹಿಸಿ ಹೇಳಿದ ತಪ್ಪು ಹೆಸರು ಹದಿನೈದು ಮನೆಗಳಿಗೆ ಹೋಗಿ ನೆಲೆಸುತ್ತದೆ.

ಹೆಜ್ಜೇನಿನ ವಿಷಯದಲ್ಲಿ ರಾಜಿ ಬೇಡ

ಪಾರ್ಕಿನ ನಡಿಗೆಯಲ್ಲಿ ಹಾವಿಗಿಂತ ಹೆಚ್ಚು ಎಚ್ಚರ ಬೇಕಿರುವುದು ಹೆಜ್ಜೇನಿನ ಬಗ್ಗೆ. ಎತ್ತರದ ಕೊಂಬೆಗಳಿಗೆ, ಕಟ್ಟಡದ ಸಜ್ಜೆಗಳಿಗೆ ದೊಡ್ಡ ಜೇನುಹುಟ್ಟು ಕಟ್ಟುವ ಈ ಜೇನು ಹೂವಿನ ಕಾಲ ನೋಡಿ ಬಂದು ಹೋಗುತ್ತಿರುತ್ತದೆ. ಆದ್ದರಿಂದ ಕಳೆದ ತಿಂಗಳು ಇರಲಿಲ್ಲ ಎಂಬ ನೆಮ್ಮದಿ ಕೆಲಸಕ್ಕೆ ಬಾರದು. ಹಿಂದಿನ ದಿನದ ಮುನ್ನಡಿಗೆಯಲ್ಲಿ ಪ್ರತಿ ನಿಲ್ದಾಣದ ಮೇಲಿನ ಕೊಂಬೆಗಳನ್ನೂ ನೋಡಿ. ಜೇನುಹುಟ್ಟು ಇದ್ದರೆ ಆ ನಿಲ್ದಾಣವನ್ನೇ ಬಿಡಿ. ಘಾಟು ಸೆಂಟು, ಹೊಗೆ, ಜೋರು ಗದ್ದಲ, ಜೇನುಹುಟ್ಟಿಗೆ ಕಲ್ಲೆಸೆತ, ಡ್ರೋನ್ ಹಾರಾಟ ಇವು ಅದನ್ನು ಕೆರಳಿಸುತ್ತವೆ. ಒಂದು ವೇಳೆ ಎದ್ದರೆ ಕೈ ಬೀಸುತ್ತಾ ನಿಲ್ಲಬಾರದು. ಮುಖವನ್ನು ಬಟ್ಟೆಯಿಂದ ಮುಚ್ಚಿಕೊಂಡು, ಬಾಗಿಲು ಹಾಕಬಹುದಾದ ಕಟ್ಟಡ ಅಥವಾ ವಾಹನದೊಳಕ್ಕೆ ಓಡಬೇಕು. ನೀರಿಗೆ ಹಾರುವುದು ಅಪಾಯ. ಚುಚ್ಚಿದ ಮುಳ್ಳನ್ನು ತಡಮಾಡದೆ ಉಗುರಿನಿಂದ ಕೆರೆದು ತೆಗೆಯಿರಿ. ಉಸಿರಾಟ ಕಷ್ಟವಾದರೆ, ಮುಖ ಊದಿದರೆ, ಹಲವು ಕಡೆ ಕಚ್ಚಿದ್ದರೆ ಕೂಡಲೇ ಆಸ್ಪತ್ರೆಗೆ ಒಯ್ಯಬೇಕು. ಅಲರ್ಜಿ, ಹೃದಯದ ತೊಂದರೆ, ತುರ್ತಿಗೆ ಕರೆಯಬೇಕಾದ ಸಂಖ್ಯೆ ಇವನ್ನು ನೋಂದಣಿಯ ವೇಳೆಯೇ ಕೇಳಿಟ್ಟುಕೊಳ್ಳಿ.

ಹಕ್ಕಿಗಳ ಕಡೆಯಿಂದಲೂ ಒಂದೆರಡು ಕಟ್ಟುಪಾಡು ಇವೆ. ಮೊಬೈಲಿನಲ್ಲಿ ಹಕ್ಕಿಯ ಕೂಗು ನುಡಿಸಿ ಅದನ್ನು ಕರೆಸಬೇಡಿ. ಗೂಡಿನ ಕಾಲದಲ್ಲಿ ಅದು ಪ್ರತಿಸ್ಪರ್ಧಿ ಬಂದಿತೆಂದು ಮೊಟ್ಟೆ ಮರಿಗಳನ್ನು ಬಿಟ್ಟು ಬರುತ್ತದೆ. ಗೂಡಿನ ಹತ್ತಿರ ನಿಲ್ದಾಣ ಇಡಬೇಡಿ. ಹಾಲಕ್ಕಿ ಕೂರುವ ಪೊಟರೆಯ ಜಾಗವನ್ನು ವಾಟ್ಸ್ಆ್ಯಪ್ ಗುಂಪಿನಲ್ಲಿ ಹಾಕಬೇಡಿ. ಮೂಢನಂಬಿಕೆಯಿಂದ ಗೂಬೆಗಳನ್ನು ಹಿಡಿದು ಮಾರುವವರು ಇದ್ದಾರೆ.

ಆರನೇ ಹಂತ: ಮುಗಿದ ಮೇಲೆ

ಕೊನೆಯ ಹತ್ತು ನಿಮಿಷ ಎಲ್ಲರೂ ನೆರಳಿನಲ್ಲಿ ಕೂತು, ಕಂಡದ್ದನ್ನು ಒಬ್ಬೊಬ್ಬರಾಗಿ ಹೇಳಲಿ, ಒಬ್ಬರು ಬರೆದುಕೊಳ್ಳಲಿ. ಹಕ್ಕಿಗಳ ಪಟ್ಟಿಯನ್ನು ಹಕ್ಕಿವೀಕ್ಷಕರ ಜಾಲತಾಣವಾದ ಇಬರ್ಡ್‌ಗೆ, ಗಿಡ ಮತ್ತು ಹುಳುಗಳ ಫೋಟೊಗಳನ್ನು ಜೀವಿಗಳ ದಾಖಲೆಯ ಜಾಲತಾಣವಾದ ಐನ್ಯಾಚುರಲಿಸ್ಟ್‌ಗೆ ಅಂದೇ ಸಂಜೆ ಸೇರಿಸಿ, ಹಾಲಕ್ಕಿಯಂಥವುಗಳ ನಿಖರ ಜಾಗವನ್ನು ಮಾತ್ರ ಮರೆಮಾಡಿ. ಗುಂಪಿನಲ್ಲಿ ಆಸಕ್ತಿ ತೋರಿದವರಿಗೆ ಹಾದಿಯ ಒಂದೊಂದು ಮರವನ್ನು ದತ್ತು ಕೊಡುವುದು ನನ್ನ ರೂಢಿ. ಸೀಸನ್‌ವಾಚ್ ಎಂಬ ಯೋಜನೆಯಲ್ಲಿ ಯಾರು ಬೇಕಾದರೂ ಹೆಸರು ನೋಂದಾಯಿಸಿಕೊಂಡು, ತಮ್ಮ ಮರದಲ್ಲಿ ಚಿಗುರು, ಹೂ, ಕಾಯಿ ಇಲ್ಲವೇ, ಕೆಲವೇ, ಹೇರಳವೇ ಎಂದು ವಾರಕ್ಕೊಮ್ಮೆ ದಾಖಲಿಸಬಹುದು. ಒಂದು ನಿಮಿಷದ ಕೆಲಸ, ಆದರೆ ಹೀಗೆ ದೇಶದ ಬೇರೆಬೇರೆ ಊರುಗಳಿಂದ ಕೂಡಿಬಂದ ದಾಖಲೆಗಳಿಂದಲೇ ಹೂಬಿಡುವ ಕಾಲ ಹವಾಮಾನದೊಡನೆ ಹೇಗೆ ಬದಲಾಗುತ್ತಿದೆ ಎಂಬುದನ್ನು ಅಳೆಯಲು ಸಾಧ್ಯವಾಗುವುದು.

ನಡಿಗೆಯ ದಿನವೇ, ಪಾರ್ಕಿನ ಬಾಗಿಲು ದಾಟುವ ಮೊದಲು, ಮುಂದಿನ ಕಾಲದ ನಡಿಗೆಯ ದಿನಾಂಕವನ್ನು ಹೇಳಿ, ಈ ದಿನ ನಿಂತ ನಿಲ್ದಾಣಗಳಲ್ಲಿ ಒಂದನ್ನು ಆರಿಸಿ ಗುಂಪಿನ ಎಲ್ಲರೂ ಒಂದೇ ಕೋನದಿಂದ ಒಂದು ಫೋಟೊ ತೆಗೆದಿಟ್ಟುಕೊಳ್ಳಲಿ. ಮುಂದಿನ ಸಲ ಅದೇ ಕಲ್ಲಿನ ಮೇಲೆ ನಿಂತು, ಮೊಬೈಲನ್ನು ಕಣ್ಣೆದುರು ಹಿಡಿದು, ಆ ಚಿತ್ರದಲ್ಲಿ ಬೋಳಾಗಿದ್ದ ಮರ ಈಗ ಹೇಗಿದೆ ಎಂಬುದರಿಂದಲೇ ನಡಿಗೆಯನ್ನು ಆರಂಭಿಸಬಹುದು.